ಮದುವೆಗಿಂತ ಬ್ರಹ್ಮಚರ್ಯ ಮೇಲು ಎಂಬ ಮಾತು ಕ್ರೈಸ್ತ ಸಭೆಗೆ ಎಲ್ಲಿಂದ ಬಂತು?

ಧಾರವಾಡದ ಓದುಗ (ಪ್ರಶ್ನೆ)

ನನ್ನ ತಂಗಿಯ ಮದುವೆ ನಿಶ್ಚಯವಾಗಿದೆ. ನಾವು ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಎಂಬ ಪ್ರೊಟೆಸ್ಟೆಂಟ್ ಸಭೆಯವರು, ಹುಡುಗನ ಮನೆಯವರು ಕಥೋಲಿಕರು. ಹೀಗಾಗಿ ಅವಳು ಎರಡೂ ಕಡೆಯ ವಿವಾಹಪೂರ್ವ ತರಬೇತಿಗೆ ಹೋಗಿ ಬಂದಳು. ನಮ್ಮ ಸಭಾಪಾಲಕರು, ಆದಿ ಕ್ರೈಸ್ತ ಬೋಧಕನಾದ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 7ನೆಯ ಅಧ್ಯಾಯವನ್ನು ಓದಿಸಿ, ಕಾಮದಿಂದ ಬೇಯುವುದಕ್ಕಿಂತ ಮದುವೆಯಾಗುವುದು ಲೇಸು ಎಂಬ ವಾಕ್ಯದ ಮೇಲೆ ಮಾತನಾಡಿದರಂತೆ. ಹುಡುಗನ ಚರ್ಚಿನ ಗುರುಗಳು ಮದುವೆಯು ಏಳು ಸಂಸ್ಕಾರಗಳಲ್ಲಿ ಒಂದು, ಗಂಡ ಹೆಂಡಿರ ಕೂಟವೂ ದೇವರ ಕೊಡುಗೆಯೇ ಎಂದು ಹೇಳಿದರಂತೆ; ಹಾಗೆ ಹೇಳಿದವರು ಸ್ವತಃ ಬ್ರಹ್ಮಚಾರಿಗಳು. ರಾತ್ರಿ ಊಟಕ್ಕೆ ಕುಳಿತಾಗ ತಂಗಿ ನನ್ನನ್ನು ಕೇಳಿದಳು: "ಅಣ್ಣಾ, ಅದು ಅಷ್ಟು ಒಳ್ಳೆಯದಾದರೆ ಅವರೇಕೆ ಬಿಟ್ಟರು? ಬೇರೆ ದಾರಿಯಿಲ್ಲದವರಿಗೆ ಮಾತ್ರ ಅದು ಎನ್ನುವುದಾದರೆ ನಮ್ಮ ಪಾಲಕರೇಕೆ ಮದುವೆಯಾದರು?"

ನನಗೆ ಉತ್ತರ ತಿಳಿಯಲಿಲ್ಲ. ದೇಹದ ಸುಖದ ಬಗ್ಗೆ ಕ್ರೈಸ್ತ ಧರ್ಮಕ್ಕಿರುವ ಈ ಅನುಮಾನ ಯೇಸುವಿನ ಮಾತಿನಿಂದ ಬಂದದ್ದೇ, ಪೌಲನಿಂದಲೇ, ಅಥವಾ ಆಮೇಲೆ ಸೇರಿಕೊಂಡದ್ದೇ? ಯಾವ ಸಭೆಯನ್ನೂ ಹಳಿಯುವ ಉದ್ದೇಶ ನನಗಿಲ್ಲ. ತಿಳಿದವರು ವಿವರವಾಗಿ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ.

ಮೈಸೂರಿನ ಇತಿಹಾಸ ಅಧ್ಯಾಪಕ

ನಿಮ್ಮ ತಂಗಿ ಕೇಳಿದ ಪ್ರಶ್ನೆಯನ್ನು ಕ್ರಿ.ಶ. 390ರ ಸುಮಾರಿನಲ್ಲಿ ರೋಮ್ ನಗರದಲ್ಲಿ ಬಹಿರಂಗವಾಗಿ ಕೇಳಿದವರಿದ್ದರು. ಆ ಕಥೆಗೆ ಬರುವ ಮೊದಲು ಬುಡದಿಂದ ನೋಡಬೇಕು.

ಯೇಸುವು ಕಾಮದ ಕುರಿತು ನೇರವಾಗಿ ಆಡಿದ ಮಾತುಗಳು ಬಹಳ ಕಡಿಮೆ. ವಿಚ್ಛೇದನವನ್ನು ಅವನು ಖಂಡಿಸಿದ, ಪರಸ್ತ್ರೀಯನ್ನು ಆಸೆಯ ಕಣ್ಣಿನಿಂದ ನೋಡುವುದನ್ನು ಮನಸ್ಸಿನ ವ್ಯಭಿಚಾರವೆಂದ, ಕಾನಾ ಊರಿನ ಮದುವೆಯಲ್ಲಿ ಕುಳಿತು ಉಂಡ. ಇವುಗಳ ಜೊತೆಗೆ ಮತ್ತಾಯನ 19ನೆಯ ಅಧ್ಯಾಯದಲ್ಲಿ ಒಂದು ವಿಚಿತ್ರ ವಾಕ್ಯವಿದೆ: ಪರಲೋಕ ರಾಜ್ಯಕ್ಕಾಗಿ ತಮ್ಮನ್ನು ತಾವೇ ನಪುಂಸಕರನ್ನಾಗಿ ಮಾಡಿಕೊಂಡವರಿದ್ದಾರೆ, ಅಂಗೀಕರಿಸಬಲ್ಲವನು ಅಂಗೀಕರಿಸಲಿ. ಇದನ್ನು ಅಕ್ಷರಶಃ ತೆಗೆದುಕೊಂಡವರೂ ಇದ್ದರೆಂಬುದಕ್ಕೆ 325ರ ನೈಸಿಯಾ ಮಹಾಸಭೆಯ ಮೊತ್ತಮೊದಲ ನಿಯಮವೇ ಸಾಕ್ಷಿ. ತನ್ನ ಅಂಗವನ್ನು ತಾನೇ ಕತ್ತರಿಸಿಕೊಂಡವನು ಯಾಜಕನಾಗಿ ಇರಕೂಡದು ಎಂದು ಅದು ವಿಧಿಸುತ್ತದೆ. ಹಾಗೆ ಮಾಡಿಕೊಳ್ಳುವವರು ಇಲ್ಲದಿದ್ದರೆ ಇಂಥ ನಿಯಮ ಬೇಕಾಗುತ್ತಿರಲಿಲ್ಲ.

ಪೌಲನ ಪತ್ರಿಕೆಯನ್ನು ಓದುವಾಗ ಎರಡು ವಿಷಯಗಳನ್ನು ಮರೆಯಬಾರದು. ಒಂದನೆಯದು, 7ನೆಯ ಅಧ್ಯಾಯವು ಕೊರಿಂಥದವರು ಬರೆದು ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರ. ಅಲ್ಲಿ ಕೆಲವರು ಗಂಡ ಹೆಂಡಿರೂ ಕೂಡಬಾರದೆಂದು ಹೇಳತೊಡಗಿದ್ದರು. ಎರಡನೆಯದು, ಅದೇ ಅಧ್ಯಾಯದ 29ನೆಯ ವಾಕ್ಯದಲ್ಲಿ ಅವನೇ ಕಾರಣ ಕೊಡುತ್ತಾನೆ: ಸಮಯ ಸ್ವಲ್ಪವೇ ಉಳಿದಿದೆ. ಲೋಕದ ಅಂತ್ಯ ಬಾಗಿಲಲ್ಲಿ ನಿಂತಿದೆ ಎಂದು ನಂಬಿದ ಮನುಷ್ಯ, ಹೊಸದಾಗಿ ಸಂಸಾರ ಹೂಡುವುದಕ್ಕೆ ಇದು ಹೊತ್ತಲ್ಲ ಎಂದು ಹೇಳಿದ್ದಾನೆ. ಅಂತ್ಯ ಬರಲಿಲ್ಲ, ಮಾತು ಉಳಿಯಿತು. ಆದರೆ ಅಲ್ಲಿಯೇ 4ನೆಯ ವಾಕ್ಯದಲ್ಲಿ, ಹೆಂಡತಿಯ ದೇಹದ ಮೇಲೆ ಅಧಿಕಾರ ಅವಳದಲ್ಲ, ಗಂಡನದು ಎಂದವನು ಒಡನೆಯೇ, ಗಂಡನ ದೇಹದ ಮೇಲೆ ಅಧಿಕಾರ ಅವನದಲ್ಲ, ಹೆಂಡತಿಯದು ಎಂದೂ ಸೇರಿಸುತ್ತಾನೆ. ಮೊದಲ ಅರ್ಧವನ್ನು ಅಂದಿನ ಯಾವ ರೋಮನ್ ಯಜಮಾನನೂ ಒಪ್ಪುತ್ತಿದ್ದ. ಎರಡನೆಯ ಅರ್ಧವನ್ನು ಕೇಳಿ ಅವನು ಬೆಚ್ಚುತ್ತಿದ್ದ ಎಂಬುದು ನನ್ನ ಅನಿಸಿಕೆ. ತನ್ನ ಮನೆಯ ಗುಲಾಮರ ಮೈಯನ್ನು ಬಳಸಿಕೊಳ್ಳುವುದು ಅವನಿಗೆ ತಪ್ಪೆಂದೇ ತೋರುತ್ತಿರಲಿಲ್ಲ.

ಎರಡನೆಯ ಶತಮಾನದಲ್ಲಿ ಸಭೆ ಎರಡು ಕಡೆಗೆ ಎಳೆದಾಡಿತು. ಮಾರ್ಸಿಯನ್ ಎಂಬ ಬೋಧಕನ ಅನುಯಾಯಿಗಳು ದೀಕ್ಷಾಸ್ನಾನ ಪಡೆದವರಿಗೆ ದಾಂಪತ್ಯವನ್ನೇ ನಿಷೇಧಿಸಿದ್ದರು. ಎನ್‌ಕ್ರಟೈಟರು ಎಂಬ ಪಂಥದವರು ಮಾಂಸ, ಮದ್ಯ, ಮದುವೆ ಮೂರನ್ನೂ ಬಿಟ್ಟರು. ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯ 4ನೆಯ ಅಧ್ಯಾಯವಂತೂ ಮದುವೆಯನ್ನು ನಿಷೇಧಿಸುವವರ ಬೋಧನೆ ದೆವ್ವಗಳದು ಎಂದು ಕಟುವಾಗಿ ಹೇಳಿಬಿಟ್ಟಿದೆ. ಸುಮಾರು 200ರಲ್ಲಿ ಅಲೆಕ್ಸಾಂಡ್ರಿಯದ ಕ್ಲೆಮೆಂಟ್ ಮದುವೆಯ ಪರವಾಗಿ ವಿಸ್ತಾರವಾಗಿ ವಾದಿಸಿದ. ಆದರೆ ಹಾಗೆ ವಾದಿಸುವಾಗ, ಮಕ್ಕಳಿಗಾಗಿ ಮಾತ್ರ ಕೂಡಬೇಕು ಎಂಬ ಷರತ್ತನ್ನೂ ಸೇರಿಸಿದ. ಈ ಷರತ್ತು ಸುವಾರ್ತೆಗಳಲ್ಲಿಲ್ಲ, ಪೌಲನ ಪತ್ರಿಕೆಯಲ್ಲೂ ಇಲ್ಲ. ಮೊದಲ ಶತಮಾನದ ಸ್ಟೋಯಿಕ್ ತತ್ತ್ವಜ್ಞಾನಿ ಮುಸೋನಿಯಸ್ ರೂಫಸ್ ಇದನ್ನೇ ಬೋಧಿಸುತ್ತಿದ್ದ, ಅವನು ಕ್ರೈಸ್ತನಲ್ಲ. ಆಮೇಲಿನ ಕಾಲದಲ್ಲಿ ಅಪ್ಪಟ ಕ್ರೈಸ್ತ ನಿಯಮವೆಂದು ಹೆಸರಾದದ್ದರಲ್ಲಿ ಬಹುಭಾಗ ಗ್ರೀಕ್ ಮತ್ತು ರೋಮನ್ ಪಂಡಿತರ ಮನೆಯಿಂದ ಬಂದದ್ದು ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ.

ಹಾಸನದ ವೈದ್ಯೆ

ಸರ್, ನೀವು ಬರೆದದ್ದೆಲ್ಲ ಗಂಡಸರ ವಾದ. ಈ ಬ್ರಹ್ಮಚರ್ಯದ ಮಾತನ್ನು ಹೆಂಗಸರು ಹೇಗೆ ಕೇಳಿಸಿಕೊಂಡರು ಎಂಬುದನ್ನೂ ಸೇರಿಸಬೇಕು. ಮೂವತ್ತು ವರ್ಷ ಹೆರಿಗೆ ಮಾಡಿಸಿದವಳಾಗಿ ನನಗೆ ಅದೇ ಮುಖ್ಯವಾಗಿ ಕಾಣುತ್ತದೆ.

ರೋಮನ್ ಕಾನೂನಿನಲ್ಲಿ ಹುಡುಗಿಗೆ 12 ತುಂಬಿದರೆ ಮದುವೆ ಮಾಡಬಹುದಿತ್ತು. ಅಗಸ್ಟಸ್ ಚಕ್ರವರ್ತಿಯ ಕಾಲದಿಂದ ಅವಿವಾಹಿತರಿಗೂ ಮಕ್ಕಳಿಲ್ಲದವರಿಗೂ ಆಸ್ತಿಯ ವಿಷಯದಲ್ಲಿ ದಂಡನೆಗಳಿದ್ದವು, 320ರಲ್ಲಿ ಕಾನ್‌ಸ್ಟಂಟೈನ್ ಅವುಗಳನ್ನು ತೆಗೆದುಹಾಕುವವರೆಗೂ. ಹೆರಿಗೆಯಲ್ಲಿ ಸಾಯುವುದು ದಿನನಿತ್ಯದ ಸಂಗತಿಯಾಗಿದ್ದ ಆ ಲೋಕದಲ್ಲಿ, ದೇವರಿಗಾಗಿ ನಾನು ಮದುವೆಯಾಗುವುದಿಲ್ಲ ಎಂದು ಹೇಳಿ ಮರ್ಯಾದೆಯಿಂದ ಬದುಕಬಹುದು ಎಂಬುದನ್ನು ಒಂದು ಹುಡುಗಿ ಮೊದಲ ಸಲ ಕೇಳಿದಾಗ ಅವಳಿಗೆ ಹೇಗೆ ಅನಿಸಿರಬೇಕು? ಕಪ್ಪದೋಕಿಯಾದ ಮಕ್ರೀನಳಿಗೆ ತಂದೆ ಗೊತ್ತುಮಾಡಿದ್ದ ವರ ಮದುವೆಗೆ ಮುಂಚೆಯೇ ತೀರಿಕೊಂಡ. ಅವಳು ಬೇರೆ ವರನನ್ನು ಒಪ್ಪಲಿಲ್ಲ. ಪುನರುತ್ಥಾನದಲ್ಲಿ ನಂಬಿಕೆಯಿರುವವರಿಗೆ ಅವನು ಸತ್ತಿಲ್ಲ, ದೂರದ ಊರಿಗೆ ಹೋಗಿದ್ದಾನೆ ಅಷ್ಟೆ, ಹಾಗಿರುವಾಗ ಇನ್ನೊಬ್ಬನನ್ನು ಮದುವೆಯಾಗುವುದು ಹೇಗೆ ಎಂದು ವಾದ ಹೂಡಿದಳು. ಅವಳ ತಮ್ಮಂದಿರಾದ ಬೆಸಿಲ್ ಮತ್ತು ನಿಸ್ಸಾದ ಗ್ರೆಗೊರಿ ಇಬ್ಬರೂ ಪೂರ್ವದ ಸಭೆಯ ಮಹಾ ಗುರುಗಳಾದರು. ಗ್ರೆಗೊರಿ ಅಕ್ಕನನ್ನು ತನ್ನ ಗುರುವೆಂದೇ ಬರೆದಿದ್ದಾನೆ. ಕನ್ಯಾವ್ರತದ ಬಗ್ಗೆ ಅವನು ಬರೆದ ಗ್ರಂಥದಲ್ಲಿ ಬಸುರಿ ಹೆಂಡತಿಯ ಬಗ್ಗೆ ಗಂಡನಿಗಿರುವ ಭಯ, ಹೆರಿಗೆಯ ಸಾವು, ವಿಧವೆಯ ಪಾಡು ಇವೆಲ್ಲ ಬರುತ್ತವೆ. ಓದಿದಾಗ ನನಗೆ ಆಸ್ಪತ್ರೆಯ ಕಾರಿಡಾರ್ ಕಣ್ಣ ಮುಂದೆ ಬಂತು.

ಆದರೆ ಇದರ ಇನ್ನೊಂದು ಮುಖವನ್ನೂ ಹೇಳಲೇಬೇಕು. ರೋಮ್‌ನ ಶ್ರೀಮಂತ ವಿಧವೆ ಪೌಲಾಳ ಮಗಳು ಬ್ಲೆಸಿಲ್ಲ, ಇಪ್ಪತ್ತರ ಆಸುಪಾಸಿನವಳು, ಮದುವೆಯಾದ ಕೆಲವೇ ತಿಂಗಳಿಗೆ ವಿಧವೆಯಾದಳು. ಸನ್ಯಾಸಿಯಾಗಿದ್ದ ಸಂತ ಜೆರೋಮನ ಬೋಧನೆಗೆ ಒಳಗಾಗಿ ಕಠಿಣ ಉಪವಾಸ ಹಿಡಿದು 384ರಲ್ಲಿ ಸತ್ತೇಹೋದಳು. ಶವಯಾತ್ರೆಯಲ್ಲಿ ತಾಯಿ ಮೂರ್ಛೆ ಬಿದ್ದಾಗ, ಈ ಸನ್ಯಾಸಿಗಳನ್ನು ಇನ್ನೂ ಊರಿನಿಂದ ಓಡಿಸಿಲ್ಲವೇಕೆ ಎಂದು ಜನ ಗೊಣಗಿದ್ದನ್ನು ಜೆರೋಮನೇ ತನ್ನ ಪತ್ರದಲ್ಲಿ ದಾಖಲಿಸಿದ್ದಾನೆ. ಒಂದೇ ಬೋಧನೆ ಮಕ್ರೀನಳಿಗೆ ಬಿಡುಗಡೆ ಕೊಟ್ಟಿತು, ಬ್ಲೆಸಿಲ್ಲಳ ಜೀವ ತೆಗೆಯಿತು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಮುಂದೆ ಮಾತನಾಡೋಣ.

ಮೈಸೂರಿನ ಇತಿಹಾಸ ಅಧ್ಯಾಪಕ

ಮೇಡಂ, ನಿಮ್ಮ ತಿದ್ದುಪಡಿಯನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಬ್ಲೆಸಿಲ್ಲಳ ಸಾವಿನ ಮರುವರ್ಷ ಜೆರೋಮ್ ರೋಮ್ ಬಿಡಬೇಕಾಯಿತು.

ಈಗ ನಾನು ಮೊದಲು ಸೂಚಿಸಿದ ಕಥೆಗೆ ಬರುತ್ತೇನೆ. ಜೊವಿನಿಯನ್ ಎಂಬವನು ಸ್ವತಃ ಸನ್ಯಾಸಿ, ಬ್ರಹ್ಮಚಾರಿ. ಅವನು 390ರ ಸುಮಾರಿಗೆ ರೋಮ್‌ನಲ್ಲಿ ಬೋಧಿಸಿದ್ದು ಇಷ್ಟೇ: ದೀಕ್ಷಾಸ್ನಾನ ಪಡೆದ ಮೇಲೆ ಕನ್ಯೆ, ವಿಧವೆ, ಗೃಹಿಣಿ ಮೂವರೂ ದೇವರ ಮುಂದೆ ಸಮಾನರು, ಉಳಿದ ನಡತೆಯಲ್ಲಿ ವ್ಯತ್ಯಾಸವಿಲ್ಲದಿದ್ದರೆ ಮದುವೆಯಾಗಿಲ್ಲ ಎಂಬ ಒಂದೇ ಕಾರಣಕ್ಕೆ ಯಾರಿಗೂ ಹೆಚ್ಚಿನ ಪುಣ್ಯವಿಲ್ಲ. ಅವನ ಮಾತು ಕೇಳಿ ಕನ್ಯಾವ್ರತ ತೊಟ್ಟಿದ್ದ ಕೆಲವರು ಮದುವೆಯನ್ನೂ ಆದರು. ರೋಮ್‌ನ ಪೋಪ್ ಸಿರಿಸಿಯಸ್ ಮತ್ತು ಮಿಲಾನಿನ ಬಿಷಪ್ ಆಂಬ್ರೋಸ್ ಇಬ್ಬರೂ ಅವನನ್ನು ಬಹಿಷ್ಕರಿಸಿದರು.

ಬೆತ್ಲೆಹೇಮಿನಲ್ಲಿ ನೆಲೆಸಿದ್ದ ಜೆರೋಮ್ 393ರಲ್ಲಿ ಅವನ ವಿರುದ್ಧ ಎರಡು ಸಂಪುಟ ಬರೆದ. ಯೇಸು ಹೇಳಿದ ಬಿತ್ತುವವನ ಸಾಮ್ಯದಲ್ಲಿ ಬರುವ ಮೂವತ್ತರಷ್ಟು, ಅರವತ್ತರಷ್ಟು, ನೂರರಷ್ಟು ಫಲವನ್ನು ಹಿಡಿದು, ಮೂವತ್ತು ಮದುವೆಗೆ, ಅರವತ್ತು ವೈಧವ್ಯಕ್ಕೆ, ನೂರು ಕನ್ಯತ್ವಕ್ಕೆ ಎಂದು ಅಂಕ ಹಂಚಿದ. ಅದಕ್ಕೂ ಮುಂಚೆ ಬ್ಲೆಸಿಲ್ಲಳ ತಂಗಿ ಯೂಸ್ಟೋಕಿಯಮಳಿಗೆ ಬರೆದ ಪತ್ರದಲ್ಲಿ, ಮದುವೆಯನ್ನು ನಾನು ಹೊಗಳುತ್ತೇನೆ, ಏಕೆಂದರೆ ಅದು ನನಗೆ ಕನ್ಯೆಯರನ್ನು ಹೆತ್ತು ಕೊಡುತ್ತದೆ ಎಂದಿದ್ದ. ಮದುವೆಯನ್ನು ಅವನು ಎಷ್ಟು ಕೀಳಾಗಿ ಚಿತ್ರಿಸಿದ್ದನೆಂದರೆ, ರೋಮ್‌ನಲ್ಲಿದ್ದ ಅವನ ಗೆಳೆಯ ಪಮ್ಮಾಕಿಯಸ್ ಗಾಬರಿಯಾಗಿ ಆ ಗ್ರಂಥದ ಪ್ರತಿಗಳನ್ನು ಹಿಂದಕ್ಕೆ ಪಡೆಯಲು ಓಡಾಡಿದ. ಅಂದಿನ ಕ್ರೈಸ್ತ ಗೃಹಸ್ಥರಲ್ಲಿ ಈ ಲೆಕ್ಕ ಒಪ್ಪದವರು ಅನೇಕರಿದ್ದರು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ. ನಿಮ್ಮ ತಂಗಿಯ ಪ್ರಶ್ನೆಗೆ ಜೊವಿನಿಯನ್ ಕೊಟ್ಟ ಉತ್ತರವೂ ಕ್ರೈಸ್ತ ಉತ್ತರವೇ. ಅದು ಸೋತಿತು ಅಷ್ಟೆ.

ಮಂಗಳೂರಿನ ಕಥೋಲಿಕ ಓದುಗ

ಮಾನ್ಯರೇ, ಮುಂದಿನ ಮಾತು ಉತ್ತರ ಆಫ್ರಿಕದ ಬಿಷಪರಾಗಿದ್ದ ಸಂತ ಆಗಸ್ಟೀನರ ಬಗ್ಗೆಯೇ ಬರುತ್ತದೆಂದು ತಿಳಿದು ನಾನು ಮೊದಲೇ ಬರೆಯುತ್ತಿದ್ದೇನೆ. ಇಂಥ ಚರ್ಚೆಗಳಲ್ಲಿ ಎಲ್ಲ ತಪ್ಪನ್ನೂ ಅವರ ತಲೆಗೆ ಕಟ್ಟುವುದು ವಾಡಿಕೆಯಾಗಿದೆ.

ಅವರು 401ರಲ್ಲಿ ಮದುವೆಯ ಒಳಿತನ್ನು ಕುರಿತು ಒಂದು ಪುಸ್ತಕ ಬರೆದರು. ಜೊವಿನಿಯನನನ್ನು ಒಪ್ಪದೆ, ಹಾಗೆಂದು ಜೆರೋಮನ ಹಾಗೆ ಮದುವೆಯನ್ನು ಹೀಯಾಳಿಸದೆ ನಡುವಿನ ದಾರಿ ಹುಡುಕುವುದು ಅವರ ಪ್ರಯತ್ನ. ಸಂತಾನ, ನಿಷ್ಠೆ, ಬಿಡಿಸಲಾಗದ ಬಂಧ ಎಂಬ ಮೂರು ಒಳಿತುಗಳನ್ನು ಅವರು ಹೆಸರಿಸಿದರು. ಇಂದಿಗೂ ನಮ್ಮ ಸಭೆಯ ವಿವಾಹ ಬೋಧನೆ ಈ ಮೂರರ ಮೇಲೆ ನಿಂತಿದೆ. ಅವರು ಯೌವನದಲ್ಲಿ ಒಂಬತ್ತು ವರ್ಷ ಮಾನಿ ಎಂಬ ಬೋಧಕನ ಪಂಥದಲ್ಲಿದ್ದವರು. ಮಕ್ಕಳನ್ನು ಹೆರುವುದೇ ಬೆಳಕಿನ ಕಣಗಳನ್ನು ಕತ್ತಲಿನಲ್ಲಿ ಸೆರೆಹಾಕುವ ಕೆಲಸ ಎಂದು ಆ ಪಂಥ ಕಲಿಸುತ್ತಿತ್ತು. ಅದನ್ನು ಬಿಟ್ಟುಬಂದು, ದೇಹ ದೇವರ ಸೃಷ್ಟಿ, ಪಾಪಕ್ಕೆ ಮುಂಚೆಯೂ ಆದಾಮ ಮತ್ತು ಹವ್ವ ಕೂಡಿ ಮಕ್ಕಳನ್ನು ಪಡೆಯಬಹುದಿತ್ತು ಎಂದು ಅವರು ಬರೆದದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ನಿಸ್ಸಾದ ಗ್ರೆಗೊರಿಯಂಥವರು ಅಷ್ಟನ್ನೂ ಒಪ್ಪಿರಲಿಲ್ಲ.

ಅವರು ಎಡವಿದ್ದು ಬೇರೆ ಕಡೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಕೈಯನ್ನು ಎತ್ತೆಂದರೆ ಏಳುತ್ತದೆ, ಕಾಲನ್ನು ನಡೆಯೆಂದರೆ ನಡೆಯುತ್ತದೆ, ಆದರೆ ಕಾಮದ ಅಂಗ ಮಾತ್ರ ಮನಸ್ಸಿನ ಆಜ್ಞೆಯನ್ನು ಕೇಳುವುದಿಲ್ಲ. ಆದಾಮನು ದೇವರಿಗೆ ಅವಿಧೇಯನಾದದ್ದಕ್ಕೆ ಅವನ ದೇಹವೇ ಅವನಿಗೆ ಅವಿಧೇಯವಾಯಿತು ಎಂಬುದು ಅವರ ತರ್ಕ. ಜನ್ಮಪಾಪವು ತಲೆಮಾರಿನಿಂದ ತಲೆಮಾರಿಗೆ ಸಾಗುವುದಕ್ಕೂ ಈ ಕಾಮಕ್ಕೂ ಅವರು ನಂಟು ಕಟ್ಟಿದರು. ಇದನ್ನು ಎದುರಿಸಿದವನು ಎಕ್ಲಾನಮಿನ ಬಿಷಪ್ ಜೂಲಿಯನ್. ಅವನು ಬಿಷಪನ ಮಗ, ಮದುವೆಯಾದವನು. ನೋಲದ ಪೌಲಿನ್ ಅವನ ಮದುವೆಗೆ ಬರೆದುಕೊಟ್ಟ ಹಾಡಿನ ಕೊನೆಯಲ್ಲಿ, ಈ ದಂಪತಿ ಕೂಡಿ ಬಾಳುತ್ತಲೇ ಕನ್ಯಾವ್ರತ ಪಾಲಿಸಲಿ, ಅದಾಗದಿದ್ದರೆ ಹುಟ್ಟುವ ಮಕ್ಕಳಾದರೂ ಪಾಲಿಸಲಿ ಎಂದು ಹರಸಿದ್ದ. ಅಂದಿನ ಮದುವೆಮನೆಗಳಲ್ಲೂ ಆಶೀರ್ವಾದ ಹೀಗಿರಬಹುದಿತ್ತು. ಕಾಮವು ಕಣ್ಣು ಕಿವಿಗಳ ಹಾಗೆ ಸ್ವಾಭಾವಿಕವಾದ ಶಕ್ತಿ, ಮಿತಿ ಮೀರಿದರೆ ಮಾತ್ರ ದೋಷ ಎಂದು ಜೂಲಿಯನ್ ವಾದಿಸಿದ. 418ರಲ್ಲಿ, ಜನ್ಮಪಾಪವನ್ನು ಅಲ್ಲಗಳೆದವರನ್ನು ಖಂಡಿಸಿದ ಪೋಪ್ ಜೊಸಿಮಸ್‌ನ ಪತ್ರಕ್ಕೆ ಸಹಿ ಹಾಕಲು ನಿರಾಕರಿಸಿ ಪದವಿ ಕಳೆದುಕೊಂಡ. ಇಬ್ಬರ ವಾಗ್ವಾದ ನಿಲ್ಲಲೇ ಇಲ್ಲ. 430ರಲ್ಲಿ ಆಗಸ್ಟೀನರು ತೀರಿಕೊಂಡಾಗ ಜೂಲಿಯನನಿಗೆ ಬರೆಯುತ್ತಿದ್ದ ಉತ್ತರ ಅರ್ಧಕ್ಕೇ ನಿಂತಿತ್ತು. ಈ ಒಂದು ವಿಷಯದಲ್ಲಿ ಜೂಲಿಯನನ ಮಾತಿಗೆ ಹೆಚ್ಚು ಬೆಲೆ ಸಿಗಬೇಕಿತ್ತು ಎಂದು, ಶ್ರದ್ಧೆಯುಳ್ಳ ಕಥೋಲಿಕನಾಗಿಯೇ, ನಾನು ಹೇಳುತ್ತೇನೆ.

ಹಾಸನದ ವೈದ್ಯೆ

ಸರ್, ನೀವು ಅಷ್ಟು ಪ್ರಾಮಾಣಿಕವಾಗಿ ಬರೆದದ್ದಕ್ಕೆ ವಂದನೆಗಳು. ಬಿಟ್ಟುಹೋದ ಒಂದು ಸಂಗತಿಯನ್ನು ಸೇರಿಸುತ್ತೇನೆ. ಆಗಸ್ಟೀನರ ಜೊತೆ ಸುಮಾರು 14 ವರ್ಷ ಸಂಸಾರ ಮಾಡಿದ ಒಬ್ಬ ಹೆಂಗಸಿದ್ದಳು. ಅವಳಿಗೆ ಅದಿಯೊದಾತುಸ್ ಎಂಬ ಮಗ ಹುಟ್ಟಿದ. ಆ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ದೇವದತ್ತ. ಅಂತಸ್ತಿನ ಅಂತರದಿಂದಾಗಿ ಅವಳು ಧರ್ಮಪತ್ನಿ ಆಗುವಂತಿರಲಿಲ್ಲ. ತಾಯಿ ಮೋನಿಕ ಮಗನಿಗೆ ಶ್ರೀಮಂತರ ಮನೆಯ ಹುಡುಗಿಯನ್ನು ಗೊತ್ತುಮಾಡಿದಾಗ ಆ ಹುಡುಗಿಗೆ ಮದುವೆಯ ವಯಸ್ಸಾಗಲು ಇನ್ನೂ ಎರಡು ವರ್ಷ ಬಾಕಿಯಿತ್ತು. ಸಂಗಾತಿಯನ್ನು ಮಿಲಾನಿನಿಂದ ಆಫ್ರಿಕಕ್ಕೆ ಕಳುಹಿಸಿಬಿಟ್ಟರು. ಇನ್ನು ಬೇರೆ ಗಂಡಸನ್ನು ಅರಿಯೆನೆಂದು ದೇವರಿಗೆ ಹರಕೆ ಹೊತ್ತು, ಮಗನನ್ನು ಅಲ್ಲೇ ಬಿಟ್ಟು ಅವಳು ಹೋದಳು. ಅಂಟಿಕೊಂಡಿದ್ದ ಜಾಗದಲ್ಲೇ ನನ್ನ ಹೃದಯ ಹರಿದು ರಕ್ತ ಸುರಿಯಿತು ಎಂದು ಆಗಸ್ಟೀನರು ನಿವೇದನೆ ಎಂಬ ತಮ್ಮ ಆತ್ಮಕಥೆಯಲ್ಲಿ ಬರೆಯುತ್ತಾರೆ. ಮದುವೆಯ ದಿನದವರೆಗೆ ಕಾಯಲಾರದೆ ಇನ್ನೊಬ್ಬಳನ್ನು ಇಟ್ಟುಕೊಂಡೆ ಎಂದೂ ಬರೆಯುತ್ತಾರೆ. ಆ ಮೊದಲ ಸಂಗಾತಿಯ ಹೆಸರನ್ನು ಮಾತ್ರ ಎಲ್ಲಿಯೂ ಬರೆಯಲಿಲ್ಲ. ದಾಂಪತ್ಯದ ಬಗ್ಗೆ ಪಶ್ಚಿಮದ ಸಭೆಗೆ ಒಂದು ಸಾವಿರ ವರ್ಷ ಪಾಠ ಹೇಳಿದ ಮನುಷ್ಯನಿಗೆ ದಾಂಪತ್ಯವನ್ನು ಕಲಿಸಿದವಳು ಅವಳು. ಈ ಇತಿಹಾಸದಲ್ಲಿ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಅವಳ ಹತ್ತಿರ.

ನೆಲ್ಯಾಡಿ ಕಡೆಯ ಓದುಗ

ಇಲ್ಲಿಯವರೆಗಿನ ಚರ್ಚೆಯಲ್ಲಿ ಕ್ರೈಸ್ತ ಸಭೆ ಎಂದರೆ ರೋಮ್ ಎಂಬಂತಾಗಿದೆ. ನಾವು ಕೇರಳದಿಂದ ದಕ್ಷಿಣ ಕನ್ನಡಕ್ಕೆ ಬಂದು ರಬ್ಬರ್ ತೋಟ ಮಾಡಿಕೊಂಡ ಸಿರಿಯನ್ ಆರ್ಥೊಡಾಕ್ಸ್ ಕುಟುಂಬದವರು. ನನ್ನ ತಾಯಿಯ ತಂದೆ ಯಾಜಕರಾಗಿದ್ದರು, ಏಳು ಮಕ್ಕಳ ತಂದೆಯೂ ಆಗಿದ್ದರು. ಭಾನುವಾರ ಅವರು ಬಲಿಪೂಜೆ ಮುಗಿಸಿ ಬರುವ ಹೊತ್ತಿಗೆ ಅಜ್ಜಿ ಜಗಲಿಯಲ್ಲಿ ಊರವರ ಅಹವಾಲು ಕೇಳುತ್ತಾ ಕುಳಿತಿರುತ್ತಿದ್ದರು. ಯಾಜಕರ ಹೆಂಡತಿಯಾದ್ದರಿಂದ ಅವರನ್ನು ಎಲ್ಲರೂ ಕೊಚ್ಚಮ್ಮ ಎಂದೇ ಕರೆಯುತ್ತಿದ್ದರು. ಅಜ್ಜನ ಪೂಜೆಗೆ ಅಜ್ಜಿಯಿಂದ ಕುಂದಾಯಿತೆಂದು ನಮ್ಮಲ್ಲಿ ಯಾರಿಗೂ ಅನಿಸಿದ್ದಿಲ್ಲ.

ಪೂರ್ವದ ಸಭೆಗಳಲ್ಲಿ ಬಿಷಪರು ಬ್ರಹ್ಮಚಾರಿಗಳಾಗಿರಬೇಕು, ಆದರೆ ಮದುವೆಯಾದವನು ಯಾಜಕನಾಗಬಹುದು. 4ನೆಯ ಶತಮಾನದ ನಡುವಿನಲ್ಲಿ ಗಾಂಗ್ರಾ ಎಂಬಲ್ಲಿ ಸೇರಿದ ಸಭೆಯು, ಮದುವೆಯಾದ ಯಾಜಕನ ಕೈಯಿಂದ ಪ್ರಸಾದ ತೆಗೆದುಕೊಳ್ಳುವುದಿಲ್ಲ ಎನ್ನುವವರನ್ನು ಶಪಿಸಿತು; ಮದುವೆಯನ್ನು ಹೇಯವೆಂದು ತಿಳಿದು ಕನ್ಯಾವ್ರತ ಹಿಡಿಯುವವರನ್ನೂ ಶಪಿಸಿತು. 692ರ ಹೊತ್ತಿಗೆ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸೇರಿದ ಸಭೆಯಂತೂ, ಯಾಜಕರು ಹೆಂಡಿರನ್ನು ಬಿಡಬೇಕೆನ್ನುವ ರೋಮ್‌ನ ಪದ್ಧತಿಯನ್ನು ಹೆಸರು ಹಿಡಿದೇ ತಿರಸ್ಕರಿಸಿತು.

ಈ ಎರಡು ದಾರಿಗಳು ನಮ್ಮ ಕರಾವಳಿಯಲ್ಲೇ ಡಿಕ್ಕಿ ಹೊಡೆದವು. 1599ರ ಜೂನ್‌ನಲ್ಲಿ ಗೋವದ ಆರ್ಚ್‌ಬಿಷಪ್ ಅಲೆಶೊ ದೆ ಮೆನೆಜೆಸ್ ಉದಯಂಪೇರೂರಿನಲ್ಲಿ ಸಭೆ ಸೇರಿಸಿ, ಮದುವೆಯಾಗಿದ್ದ ಮಲಬಾರಿನ ಯಾಜಕರು ಹೆಂಡಿರಿಂದ ಬೇರೆಯಾಗಬೇಕೆಂದು ಕಟ್ಟಳೆ ಮಾಡಿಸಿದರು. ಅಂದಿನ ಕೊಚ್ಚಮ್ಮಂದಿರು ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋದರು ಎಂಬುದನ್ನು ಯಾರೂ ಬರೆದಿಡಲಿಲ್ಲ. 1653ರಲ್ಲಿ ಮಟ್ಟಾಂಚೇರಿಯಲ್ಲಿ ಕೂನನ್ ಶಿಲುಬೆಯ ಪ್ರತಿಜ್ಞೆ ಮಾಡಿ ಪೋರ್ಚುಗೀಸರ ಪಾದ್ರಿಗಳಿಂದ ಬೇರೆಯಾದವರಿಗೆ ಬೇರೆ ಬೇರೆ ಕಾರಣಗಳಿದ್ದವು. ನಮ್ಮ ಮನೆಯ ಹಿರಿಯರು ಅವುಗಳಲ್ಲಿ ಇದನ್ನೂ ಸೇರಿಸುತ್ತಿದ್ದರು.

ಮೈಸೂರಿನ ಇತಿಹಾಸ ಅಧ್ಯಾಪಕ

ಬಹಳ ಬೆಲೆಯುಳ್ಳ ಬರಹ. ಪಶ್ಚಿಮದಲ್ಲಿ ಏನಾಯಿತೆಂಬುದನ್ನು ಇಲ್ಲಿಗೆ ಜೋಡಿಸುತ್ತೇನೆ. 4ನೆಯ ಶತಮಾನದ ಆರಂಭದಲ್ಲೇ ಸ್ಪೇನಿನ ಎಲ್ವಿರಾ ಸಭೆಯು ಯಾಜಕರು ಪತ್ನಿಯರೊಡನೆ ಕೂಡಬಾರದೆಂದಿತು. ಆದರೂ ಹಳ್ಳಿಗಳ ಪಾದ್ರಿಗಳು ಏಳುನೂರು ವರ್ಷ ಸಂಸಾರ ಮಾಡಿಕೊಂಡೇ ಇದ್ದರು. 11ನೆಯ ಶತಮಾನದ ಸುಧಾರಕರಿಗೆ ಚರ್ಚಿನ ಆಸ್ತಿ ಪಾದ್ರಿಯ ಮಕ್ಕಳ ಪಾಲಾಗುತ್ತದೆಂಬ ಚಿಂತೆಯಿತ್ತು, ಪ್ರಸಾದವನ್ನು ಮುಟ್ಟುವ ಕೈ ಹೆಣ್ಣನ್ನು ಮುಟ್ಟಬಾರದೆಂಬ ಮಡಿಯ ಭಾವನೆಯೂ ಇತ್ತು. 1089ರ ಮೆಲ್ಫಿ ಸಭೆಯಲ್ಲಿ ಪೋಪ್ ಎರಡನೆಯ ಅರ್ಬನ್, ಹೆಂಡತಿಯನ್ನು ಬಿಡದ ಸಬ್‌ಡೀಕನ್ನರ (ಯಾಜಕರಿಗಿಂತ ಕೆಳಗಿನ ದರ್ಜೆಯವರ) ಹೆಂಡಿರನ್ನು ಒಡೆಯರು ದಾಸಿಯರನ್ನಾಗಿ ಮಾಡಿಕೊಳ್ಳಬಹುದೆಂದು ಅನುಮತಿ ಕೊಟ್ಟ. 1139ರ ಎರಡನೆಯ ಲ್ಯಾಟರನ್ ಸಭೆ ಯಾಜಕರ ಮದುವೆಯೇ ಅಸಿಂಧು ಎಂದಿತು. ಇಂದು ನಾವು ಕಾಣುವ ನಿಯಮಕ್ಕೆ ಗಟ್ಟಿಯಾದ ರೂಪ ಬಂದದ್ದು ಹೀಗೆ.

ಗೃಹಸ್ಥರಿಗೂ ಕಟ್ಟುಪಾಡುಗಳಿದ್ದವು. 6ನೆಯ ಶತಮಾನದಿಂದ ಐರ್ಲೆಂಡಿನ ಮಠಗಳಲ್ಲಿ ಪ್ರಾಯಶ್ಚಿತ್ತದ ಕೈಪಿಡಿಗಳು ಹುಟ್ಟಿಕೊಂಡವು. ಈಸ್ಟರ್ ಮುಂಚಿನ ನಲವತ್ತು ದಿನ, ಕ್ರಿಸ್‌ಮಸ್ ಮುಂಚಿನ ನಲವತ್ತು ದಿನ, ಭಾನುವಾರ, ಬಸಿರಿನ ಕಾಲ, ಬಾಣಂತನ, ಮುಟ್ಟು ಹೀಗೆ ದಂಪತಿ ಕೂಡಬಾರದ ದಿನಗಳ ಪಟ್ಟಿ ಅವುಗಳಲ್ಲಿದೆ. ಎಲ್ಲವನ್ನೂ ಪಾಲಿಸಿದರೆ ವರ್ಷದಲ್ಲಿ ಉಳಿಯುವ ದಿನಗಳು ಸ್ವಲ್ಪವೇ. ಆದರೆ 12ನೆಯ ಶತಮಾನದಲ್ಲಿ ಇದೇ ಸಭೆಯೇ, ಮದುವೆಯನ್ನು ಮದುವೆಯಾಗಿಸುವುದು ತಂದೆಯ ಒಪ್ಪಿಗೆಯೂ ಅಲ್ಲ, ವರದಕ್ಷಿಣೆಯೂ ಅಲ್ಲ, ಹುಡುಗ ಹುಡುಗಿಯರ ಸ್ವಂತ ಸಮ್ಮತಿ ಮಾತ್ರ ಎಂದು ತೀರ್ಮಾನಿಸಿತು. ಪೋಪ್ ಮೂರನೆಯ ಅಲೆಕ್ಸಾಂಡರ್ ಇದನ್ನು ಕಾನೂನಾಗಿ ನಿಲ್ಲಿಸಿದ. ಈ ಒಂದು ತೀರ್ಮಾನಕ್ಕಾಗಿ ಆ ಕಾಲದ ಪಂಡಿತರಿಗೆ ನಾನು ಕೃತಜ್ಞ.

ಧಾರವಾಡದ ಓದುಗ

ಎಲ್ಲರಿಗೂ ವಂದನೆಗಳು. ನಮ್ಮ ಕಡೆಯ ಕಥೆಯನ್ನು ನಾನೇ ಹುಡುಕಿ ಓದಿದೆ. ಪ್ರೊಟೆಸ್ಟೆಂಟ್ ಸುಧಾರಣೆಯ ಮುಂದಾಳು, ಸನ್ಯಾಸಿಯಾಗಿದ್ದ ಮಾರ್ಟಿನ್ ಲೂಥರ್ 1525ರ ಜೂನ್ 13ರಂದು, ಮಠ ಬಿಟ್ಟು ಬಂದಿದ್ದ ಕತರೀನ ಫಾನ್ ಬೋರಾಳನ್ನು ಮದುವೆಯಾದ. ಅವರಿಗೆ ಆರು ಮಕ್ಕಳು. ರಾತ್ರಿ ಎದ್ದು ಮಗುವಿನ ಬಟ್ಟೆ ಒಗೆಯುವ ತಂದೆಯನ್ನು ಲೋಕ ಕಂಡು ನಕ್ಕರೂ ದೇವರೂ ದೂತರೂ ಸಂತೋಷಪಡುತ್ತಾರೆ ಎಂಬ ಅರ್ಥದ ಮಾತನ್ನು ಅವನು ಅದಕ್ಕೂ ಮೂರು ವರ್ಷ ಮೊದಲೇ ಬರೆದಿದ್ದ. ರೋಮ್‌ನ ಕಡೆಯವರು 1563ರಲ್ಲಿ ಟ್ರೆಂಟ್ ಮಹಾಸಭೆಯಲ್ಲಿ ಉತ್ತರ ಕೊಟ್ಟರು: ಮದುವೆಗಿಂತ ಕನ್ಯಾವ್ರತ ಮೇಲಲ್ಲ ಎನ್ನುವವನಿಗೆ ಶಾಪ. ಅಂದರೆ ಜೊವಿನಿಯನನನ್ನು ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಮತ್ತೊಮ್ಮೆ ಬಹಿಷ್ಕರಿಸಿದ ಹಾಗಾಯಿತು.

ಆದರೆ ನಮ್ಮವರ ಮನೆಯೂ ಪೂರ್ತಿ ಚೊಕ್ಕಟವಾಗಿಲ್ಲ. ಲೂಥರನ ನಾಡಿನಲ್ಲಿ ಕನ್ಯಾಮಠಗಳು ಮುಚ್ಚಿದ ಮೇಲೆ, ವೈದ್ಯೆಯವರು ಹೇಳಿದ ಮಕ್ರೀನಳ ದಾರಿ ಹೆಣ್ಣುಮಕ್ಕಳಿಗೆ ಮುಚ್ಚಿಹೋಯಿತು. ನಮ್ಮೂರಿಗೆ ಬಂದ ಬಾಸೆಲ್ ಮಿಷನ್‌ನವರು ಗೃಹಸ್ಥ ಜೀವನವನ್ನು ಎತ್ತಿ ಹಿಡಿದರೂ, ಮಿಷನರಿಯು ಸಮಿತಿಯ ಅನುಮತಿಯಿಲ್ಲದೆ ಮದುವೆಯಾಗುವಂತಿರಲಿಲ್ಲ. ಕೆಲವು ವರ್ಷ ಒಂಟಿಯಾಗಿ ದುಡಿದ ಮೇಲೆ ಅರ್ಜಿ ಹಾಕಬೇಕಿತ್ತು. ಎಷ್ಟೋ ಹೆಣ್ಣುಮಕ್ಕಳು ವರನ ಮುಖವನ್ನೇ ಸರಿಯಾಗಿ ಕಾಣದೆ ಹಡಗು ಹತ್ತಿ ಮಂಗಳೂರಿಗೆ ಬಂದಿಳಿಯುತ್ತಿದ್ದರು.

ಬೆಂಗಳೂರಿನ ವಕೀಲ

ನಾನು ಸಲಿಂಗ ಸಂಬಂಧದ ವಿಷಯ ಮಾತ್ರ ಸೇರಿಸುತ್ತೇನೆ, ಏಕೆಂದರೆ ಅದು ನನ್ನ ಬದುಕಿಗೂ ಸಂಬಂಧಿಸಿದ್ದು. ಮಕ್ಕಳಾಗಲು ಎಡೆಯಿಲ್ಲದ ಬಗೆಯ ಕೂಟ ಪ್ರಕೃತಿಗೆ ವಿರುದ್ಧ ಎಂಬ ಮಾತನ್ನು 13ನೆಯ ಶತಮಾನದಲ್ಲಿ ದೇವಶಾಸ್ತ್ರಜ್ಞ ತೋಮಸ್ ಅಕ್ವಿನಾಸ್ ತರ್ಕಬದ್ಧವಾಗಿ ಜೋಡಿಸಿಟ್ಟರು. ಕಾಮದ ಪಾಪಗಳಲ್ಲಿ ಪ್ರಕೃತಿವಿರುದ್ಧವಾದದ್ದೇ ಅತ್ಯಂತ ಘೋರವೆಂದು ಹೇಳುವಾಗ, ವ್ಯಭಿಚಾರ ಮತ್ತು ಬಲಾತ್ಕಾರಗಳಿಂದ ಇನ್ನೊಬ್ಬರಿಗೆ ಅನ್ಯಾಯವಾಗುತ್ತದಲ್ಲ, ಅವು ಹೆಚ್ಚು ಘೋರವಲ್ಲವೇ ಎಂಬ ಆಕ್ಷೇಪವನ್ನು ಅವರೇ ಎತ್ತಿಕೊಂಡು, ಪ್ರಕೃತಿಯ ಕ್ರಮವನ್ನು ಮೀರುವುದು ದೇವರಿಗೇ ಮಾಡಿದ ಅನ್ಯಾಯ ಎಂದು ಉತ್ತರಿಸುತ್ತಾರೆ. ನೋವಾದದ್ದು ಯಾರಿಗೆ ಎಂಬ ಪ್ರಶ್ನೆ ಅಲ್ಲಿ ಹಿಂದೆ ಸರಿಯಿತು.

ಇಂಗ್ಲೆಂಡಿನಲ್ಲಿ ಚರ್ಚಿನ ನ್ಯಾಯಾಲಯದ ಕೈಯಲ್ಲಿದ್ದ ಈ ಅಪರಾಧವನ್ನು 1533ರಲ್ಲಿ ಎಂಟನೆಯ ಹೆನ್ರಿ ರಾಜ್ಯದ ಕಾನೂನಾಗಿಸಿ ಮರಣದಂಡನೆ ಇಟ್ಟ. ಅಲ್ಲಿಂದ ಅದು 1860ರ ಭಾರತೀಯ ದಂಡ ಸಂಹಿತೆಯ 377ನೆಯ ಕಲಮಾಗಿ ನಮ್ಮ ದೇಶಕ್ಕೆ ಬಂತು; ಪ್ರಕೃತಿಯ ವ್ಯವಸ್ಥೆಗೆ ವಿರುದ್ಧವಾದ ಎಂಬ ಪದಗಳು ಕಲಮಿನಲ್ಲೇ ಉಳಿದವು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರ ಸಮ್ಮತಿಯ ಸಂಬಂಧವನ್ನು ಅದರ ಹಿಡಿತದಿಂದ ಬಿಡಿಸಿದ ದಿನ ನಾನು ಕಚೇರಿಯಲ್ಲಿ ತೀರ್ಪಿನ ಪುಟಗಳನ್ನು ತಿರುಗಿಸುತ್ತಾ ಅತ್ತಿದ್ದೇನೆ. ಇಂಗ್ಲೆಂಡು ಆ ಕಾನೂನನ್ನು ಸಡಿಲಿಸಿದ್ದು 1967ರಲ್ಲಿ. ಅದನ್ನು ಬೆಂಬಲಿಸಿದವರಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಮೈಕಲ್ ರ‍್ಯಾಮ್ಸೆ ಇದ್ದರು. ಪಾಪವೆಂದು ನಂಬುವುದನ್ನೆಲ್ಲ ಅಪರಾಧವಾಗಿಸಬೇಕಿಲ್ಲ ಎಂಬುದು ಅವರ ನಿಲುವು. 2023ರ ಡಿಸೆಂಬರ್‌ನಲ್ಲಿ ವ್ಯಾಟಿಕನ್, ಸಲಿಂಗ ಜೋಡಿಗಳಿಗೆ ಮದುವೆಯ ವಿಧಿಯನ್ನು ಹೋಲದ ಸರಳ ಆಶೀರ್ವಾದ ಕೊಡಬಹುದೆಂದಾಗ ಆಫ್ರಿಕದ ಅನೇಕ ಬಿಷಪರು ಒಪ್ಪಲಿಲ್ಲ. ವಾದ ಇನ್ನೂ ನಡೆದಿದೆ, ನಾನೂ ನನ್ನ ಚರ್ಚಿಗೆ ಹೋಗುತ್ತಲೇ ಇದ್ದೇನೆ.

ಮಂಗಳೂರಿನ ಕಥೋಲಿಕ ಓದುಗ

ವಕೀಲರೇ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ನೀವು ಚರ್ಚಿಗೆ ಹೋಗುತ್ತಿರುವುದು ನನಗೆ ಸಂತೋಷದ ವಿಷಯ.

ಸಂತಾನ ನಿಯಂತ್ರಣದ ಮಾತನ್ನು ಬಿಟ್ಟರೆ ಚರ್ಚೆ ಅಪೂರ್ಣವಾಗುತ್ತದೆ. 1930ರ ಲ್ಯಾಂಬೆತ್ ಸಮ್ಮೇಳನದಲ್ಲಿ ಆಂಗ್ಲಿಕನ್ ಬಿಷಪರು ಕೆಲವು ಸಂದರ್ಭಗಳಲ್ಲಿ ಗರ್ಭನಿರೋಧವನ್ನು ಒಪ್ಪಿದರು. ಅದೇ ವರ್ಷದ ಕೊನೆಯ ದಿನ ಪೋಪ್ ಹನ್ನೊಂದನೆಯ ಪಯಸ್ ಅದನ್ನು ಖಂಡಿಸಿ ಪತ್ರ ಹೊರಡಿಸಿದರು. ಆದರೆ 1951ರಲ್ಲಿ ಹನ್ನೆರಡನೆಯ ಪಯಸ್ ಇಟಲಿಯ ಸೂಲಗಿತ್ತಿಯರನ್ನು ಉದ್ದೇಶಿಸಿ, ದಂಪತಿಗಳು ಆ ಸುಖವನ್ನು ಅನುಭವಿಸುವುದು ಸೃಷ್ಟಿಕರ್ತನ ಸಂಕಲ್ಪವೇ, ಅದನ್ನು ಬಯಸುವುದರಲ್ಲಿ ದೋಷವಿಲ್ಲ ಎಂದರು. ಆಗಸ್ಟೀನರ ಬಾಯಲ್ಲಿ ಈ ಮಾತನ್ನು ಊಹಿಸಲಾಗದು. 1968ರಲ್ಲಿ ಪೋಪ್ ಆರನೆಯ ಪೌಲರು, ತಮ್ಮದೇ ಆಯೋಗದ ಬಹುಮತದ ಸಲಹೆಯನ್ನು ಬದಿಗಿಟ್ಟು, ಕೃತಕ ವಿಧಾನಗಳ ನಿಷೇಧವನ್ನು ಉಳಿಸಿದರು. ನನ್ನ ತಾಯಿ ಆ ವರ್ಷ ಐದನೆಯ ಮಗುವನ್ನು ಹೆತ್ತಿದ್ದರು. ಅವರು ಪಾಪನಿವೇದನೆಯ ಪೆಟ್ಟಿಗೆಯಿಂದ ಎದ್ದು ಬಂದು ಬಹಳ ಹೊತ್ತು ಬೆಂಚಿನಲ್ಲಿ ಸುಮ್ಮನೆ ಕುಳಿತಿದ್ದರೆಂದು ನನ್ನ ದೊಡ್ಡಕ್ಕ ಹೇಳುತ್ತಾಳೆ.

ಧಾರವಾಡದ ಓದುಗ

ಇದನ್ನೆಲ್ಲ ತಂಗಿಗೆ ಓದಿ ಹೇಳಿದೆ. ಅವಳು ಇನ್ನೊಂದು ಕೇಳಿದಳು: "ಬೈಬಲಿನಲ್ಲೇ ಪರಮಗೀತ ಎಂಬ ಪ್ರೇಮಗೀತೆ ಇದೆಯಲ್ಲ, ಅದನ್ನು ಇವರೆಲ್ಲ ಏನು ಮಾಡಿದರು?"

ಮೈಸೂರಿನ ಇತಿಹಾಸ ಅಧ್ಯಾಪಕ

ಅದನ್ನು ಅವರು ಬಿಟ್ಟುಕೊಡಲಿಲ್ಲ. ದೇವರು ಮತ್ತು ಆತ್ಮದ ಪ್ರೇಮ ಎಂದು ಅರ್ಥ ಹೇಳಿದರು, ಆದರೆ ಆ ಗೀತೆಯ ತುಟಿ, ಎದೆ, ಕುತ್ತಿಗೆ, ಹಾಸಿಗೆ ಯಾವುದನ್ನೂ ಬಿಡದೆ ಓದಿದರು. ಕ್ಲೆರ್ವೊ ಮಠದ ಬರ್ನಾರ್ಡ್ 1135ರಿಂದ ಸಾಯುವ ವರ್ಷ 1153ರವರೆಗೆ ಅದರ ಮೇಲೆ 86 ಪ್ರವಚನ ಬರೆದರು; ಅಷ್ಟರಲ್ಲಿ ಮುಟ್ಟಿದ್ದು 3ನೆಯ ಅಧ್ಯಾಯದ ಆರಂಭವನ್ನು ಮಾತ್ರ. ಇಂಗ್ಲೆಂಡಿನ ಮಠಾಧಿಪತಿ ಹಾಯ್ಲೆಂಡಿನ ಗಿಲ್ಬರ್ಟ್ ಅಲ್ಲಿಂದ ಮುಂದುವರಿಸಿ 5ನೆಯ ಅಧ್ಯಾಯದಲ್ಲಿ ತೀರಿಕೊಂಡರು. ಫೋರ್ಡಿನ ಜಾನ್ ಇನ್ನೂ 120 ಪ್ರವಚನ ಬರೆದು ಮುಗಿಸಿದರು. ಎಂಟೇ ಅಧ್ಯಾಯಗಳ ಪ್ರೇಮಗೀತೆಯನ್ನು ಓದಿ ಮುಗಿಸಲು ಮೂವರು ಬ್ರಹ್ಮಚಾರಿಗಳ ಆಯುಷ್ಯ ಬೇಕಾಯಿತು.

ಧಾರವಾಡದ ಓದುಗ

ನಿನ್ನೆ ತಂಗಿಯ ಜೊತೆ ಹುಡುಗನ ಚರ್ಚಿನ ಗುರುಗಳನ್ನು ನೋಡಲು ಹೋಗಿದ್ದೆ. ಮದುವೆಯ ಪೂಜೆಯಲ್ಲಿ ಪರಮಗೀತದ 8ನೆಯ ಅಧ್ಯಾಯದಿಂದ, ಮಹಾಜಲಗಳು ಪ್ರೀತಿಯನ್ನು ನಂದಿಸಲಾರವು ಎಂಬ ಭಾಗವನ್ನು ಓದಬಹುದೇ ಎಂದು ಅವಳು ಸಂಕೋಚದಿಂದಲೇ ಕೇಳಿದಳು. ಗುರುಗಳು ಕಪಾಟಿನಿಂದ ವಾಚನಗಳ ಪುಸ್ತಕ ತೆಗೆದು, ಮದುವೆಗೆ ಆರಿಸಿಕೊಳ್ಳಬಹುದಾದ ಪಾಠಗಳ ಸಾಲಿನಲ್ಲಿ ಅದು ಮೊದಲೇ ಇರುವುದನ್ನು ಬೆರಳಿಟ್ಟು ತೋರಿಸಿದರು. ಓದುವವನು ನಾನು. ಕೊರಿಂಥದ ಪತ್ರಿಕೆಯ 7ನೆಯ ಅಧ್ಯಾಯದ 4ನೆಯ ವಾಕ್ಯವನ್ನು, ಎರಡೂ ಅರ್ಧಗಳನ್ನು, ನಮ್ಮ ಸಭಾಪಾಲಕರು ಆರತಕ್ಷತೆಯಲ್ಲಿ ಓದುತ್ತಾರೆ.